ಮಾಗಳಿ ಬೇರು ಎಲ್ಲೆಲ್ಲಿ ಬೆಳೆದೀತು? ಮೈಸೂರು–ಮಂಡ್ಯ ಸೀಮೆಯಲ್ಲಿ ಔಷಧಿ ಗಿಡಗಳ ಸೂಕ್ತ ಜಾಗದ ನಕ್ಷೆ ಮಾಡುವ ಬಗೆ

ಒಂದು ಗಿಡ ಈಗ ಸಿಕ್ಕಿರುವ ಜಾಗಗಳಲ್ಲಿ ಮಳೆ ಎಷ್ಟು, ಬಿಸಿಲೆಷ್ಟು, ಮಣ್ಣು ಎಂಥದ್ದು, ಇಳಿಜಾರು ಹೇಗೆ ಎಂದು ಕಂಪ್ಯೂಟರಿಗೆ ತೋರಿಸಿ, ಅಂಥದೇ ಜಾಗ ಇನ್ನೆಲ್ಲೆಲ್ಲಿದೆ ಎಂದು ಕೇಳುವುದು. ಸೂಕ್ತ ಜಾಗದ ನಕ್ಷೆ ಅಂದರೆ ಇಷ್ಟೇ. ನಕ್ಷೆಯಲ್ಲಿ ಕೆಂಪು ಬಂದ ಕಡೆ ಗಿಡ ಇದ್ದೇ ಇದೆ ಎಂದಲ್ಲ. ಅಲ್ಲಿನ ಹವೆ ಗಿಡಕ್ಕೆ ಒಪ್ಪುತ್ತದೆ, ಹೋಗಿ ಹುಡುಕಬಹುದು ಎಂದಷ್ಟೇ. ಇರುವುದನ್ನು ಎಲ್ಲಿ ಕಾಪಾಡಬೇಕು, ಹೋದದ್ದನ್ನು ಎಲ್ಲಿ ಮತ್ತೆ ಬೆಳೆಸಬಹುದು ಎಂದು ತೀರ್ಮಾನಿಸುವ ಮುಂಚೆ ಈ ನಕ್ಷೆ ಕೈಲಿದ್ದರೆ ಓಡಾಟವೂ ದುಡ್ಡೂ ಉಳಿಯುತ್ತದೆ.

ಸಾಫ್ಟ್‌ವೇರ್ ಕಲಿಯುವುದೇ ಕಷ್ಟದ ಭಾಗ ಎಂದು ಬಹಳ ಜನ ಹೆದರುತ್ತಾರೆ. ಕಂಪ್ಯೂಟರ್ ಬಳಸಿ ಗೊತ್ತಿರುವವರಿಗೆ ಅದು ಒಂದು ವಾರಾಂತ್ಯದ ಕೆಲಸ. ನಕ್ಷೆ ಕೆಡುವುದು ಅದಕ್ಕೂ ಮುಂಚೆ, ಗಿಡ ಸಿಕ್ಕ ಜಾಗಗಳ ಪಟ್ಟಿಯಲ್ಲಿ. ಪಟ್ಟಿ ತಪ್ಪಿದ್ದರೂ ನಕ್ಷೆ ಮಾತ್ರ ಅಷ್ಟೇ ಅಂದವಾಗಿ ಮೂಡಿಬರುತ್ತದೆ. ಹಾಗಾಗಿ ಈ ಬರಹದ ದೊಡ್ಡ ಪಾಲು ಪಟ್ಟಿಗೇ ಮೀಸಲು.

ಬೇಕಾದದ್ದು ಇಷ್ಟು: 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್, ಸೂಕ್ತ ಜಾಗದ ಲೆಕ್ಕ ಹಾಕುವ ಸಾಫ್ಟ್‌ವೇರ್ ಮ್ಯಾಕ್ಸೆಂಟ್, ಜಿಪಿಎಸ್ ಇರುವ ಫೋನು. ಕ್ಯೂಜಿಐಎಸ್, ಮ್ಯಾಕ್ಸೆಂಟ್ ಎರಡೂ ಪುಕ್ಕಟೆ; ಮ್ಯಾಕ್ಸೆಂಟ್ ಓಡಲು ಜಾವಾ ಹಾಕಿಕೊಳ್ಳಬೇಕು. ಇವೆಲ್ಲಕ್ಕಿಂತ ಮುಖ್ಯ, ಗಿಡವನ್ನು ಎಲೆ ನೋಡಿಯೇ ಗುರುತು ಹಿಡಿಯುವ ಒಬ್ಬರು ಜೊತೆಗಿರಬೇಕು.

ಯಾವ ಗಿಡ?

ಎಲ್ಲ ಗಿಡಕ್ಕೂ ಈ ವಿಧಾನ ಒಗ್ಗುವುದಿಲ್ಲ. ಅಮೃತಬಳ್ಳಿ, ಲಕ್ಕಿ, ಆಡುಸೋಗೆ ಬೇಲಿಯಲ್ಲೂ ಬೆಳೆಯುತ್ತವೆ, ಹಿತ್ತಲಲ್ಲೂ ಬೆಳೆಯುತ್ತವೆ. ಇವುಗಳ ನಕ್ಷೆ ಮಾಡಿದರೆ ಅರ್ಧ ದಕ್ಷಿಣ ಭಾರತ ಕೆಂಪಾಗುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಸೀತಾ ಅಶೋಕ ಮಲೆನಾಡಿನ ಹಳ್ಳಗಳ ಬದಿಯ ಮರ. ಮೈಸೂರಿನ ಪಾರ್ಕು, ಕ್ಯಾಂಪಸ್ಸುಗಳಲ್ಲಿ ಕಾಣುವುದೆಲ್ಲ ನೆಟ್ಟು ನೀರೆರೆದದ್ದು. ನಕ್ಷೆಗೆ ತಕ್ಕದ್ದು ಜಾಗದ ವಿಷಯದಲ್ಲಿ ಹಟ ಇರುವ, ಪೇಟೆಯಲ್ಲಿ ಬೇಡಿಕೆ ಇರುವ, ಬುಡಸಮೇತ ಕೀಳುವವರ ಕಾಟವೂ ಇರುವ ಗಿಡ.

ನಮ್ಮ ಸೀಮೆಗೆ ಮಾಗಳಿ ಬೇರು ಒಳ್ಳೆಯ ಆಯ್ಕೆ. ಸಸ್ಯಶಾಸ್ತ್ರದ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ, ಒಣ ಗುಡ್ಡಗಳ ಬಂಡೆ ಸಂದಿಯಲ್ಲಿ ಬೇರಿಳಿಸುವ ಬಳ್ಳಿ. ಉಪ್ಪಿನಕಾಯಿಗೆ, ಶರಬತ್ತಿಗೆ, ಔಷಧಿಗೆ ಹೋಗುವುದು ಬೇರೇ ಆದ್ದರಿಂದ ಕಿತ್ತರೆ ಬಳ್ಳಿಯೇ ಹೋಯಿತು. ಎಲೆಗಳು ಎದುರುಬದುರು, ಚಿವುಟಿದರೆ ಹಾಲು, ಕಾಯಿ ಜೋಡಿಜೋಡಿ. ಇದಕ್ಕೂ ಸೊಗದೆ ಬೇರಿಗೂ ಗೊಂದಲ ಬರುವುದು ಘಮದಿಂದ: ಎರಡೂ ಬೇರು ಗೀರಿದರೆ ವೆನಿಲಾ ವಾಸನೆ. ಮಾಗಳಿ ಬೇರು ದಪ್ಪ, ತಿರುಳು ತುಂಬಿದ್ದು. ಸೊಗದೆಯದು ಸಣಕಲು, ಒಳಗೆ ಗಟ್ಟಿ ಕಡ್ಡಿ. ಆದರೆ ಗುರುತಿಗೆಂದು ಬೇರು ಕೀಳುವ ಅಗತ್ಯವೇ ಇಲ್ಲ. ಸೊಗದೆಯ ಎಲೆಯ ಮೇಲೆ ನಡುನರದ ಉದ್ದಕ್ಕೂ ಸಾಮಾನ್ಯವಾಗಿ ಬಿಳಿ ಗೀರು ಇರುತ್ತದೆ, ಬಳ್ಳಿಯೂ ಸಣ್ಣದು. ಮಾಗಳಿ ಮರದಂತೆ ಗಟ್ಟಿಯಾಗುವ ಬಳ್ಳಿ, ಎಲೆ ಅಗಲ, ನುಣುಪು.

ಮಧುನಾಶಿನಿಯನ್ನು ಆರಿಸಿಕೊಳ್ಳುವವರು ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿ ನೋಡುವ ಪರೀಕ್ಷೆಯನ್ನು ಕೇಳಿರುತ್ತೀರಿ. ಸಿಹಿ ತಿಳಿಯದಿರುವುದು ನಿಜ. ಆದರೆ ಗುರುತು ಸಿಗದ ಬಳ್ಳಿಯ ಎಲೆಯನ್ನು ಯಾವತ್ತೂ ಬಾಯಿಗೆ ಹಾಕಬೇಡಿ, ಅದೇ ಕುಟುಂಬದಲ್ಲಿ ವಿಷದ ಬಳ್ಳಿಗಳೂ ಇವೆ.

ಗಿಡ ಸಿಕ್ಕ ಜಾಗಗಳ ಪಟ್ಟಿ

ದಾಖಲೆಗಳು ಮೂರು ಕಡೆಯಿಂದ ಬರುತ್ತವೆ. ಮೊದಲನೆಯದು ಆನ್‌ಲೈನ್ ತಾಣಗಳು (ಯಾವ ಜೀವಿ ಎಲ್ಲಿ ಕಂಡಿತು ಎಂದು ದಾಖಲಿಸುವಂಥವು): ಜಿಬಿಐಎಫ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್. ಎರಡನೆಯದು ಹರ್ಬೇರಿಯಂಗಳ ಒಣಗಿಸಿಟ್ಟ ಮಾದರಿಗಳು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೊಡ್ಡ ಸಂಗ್ರಹವಿದೆ. ಮೂರನೆಯದು ಕಾಡು ಬಲ್ಲವರು: ನಾಟಿ ವೈದ್ಯರು, ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ಅರಣ್ಯ ಇಲಾಖೆಯ ವಾಚರ್‌ಗಳು. ಮೂರನೆಯವರಿಂದ ಸಿಗುವಷ್ಟು ನಿಖರ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಅವರ ದಿನಗೂಲಿ ಕೊಡಿ. ಯಾವ ಜಾಗ ಬಯಲಾಗಬಹುದು, ಯಾವುದು ಬೇಡ ಎಂಬ ಮಾತನ್ನು ಮೊದಲೇ ಆಡಿಕೊಳ್ಳಿ.

ಮೈಸೂರಿನವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ಗುಂಡಿ ಇದೆ. ಹಳೆಯ ಹರ್ಬೇರಿಯಂ ಚೀಟಿಗಳಲ್ಲಿ ‘ಮೈಸೂರು’ ಎಂದಷ್ಟೇ ಇದ್ದರೆ ಅದು ಊರೋ, ಜಿಲ್ಲೆಯೋ, ಇಡೀ ರಾಜ್ಯವೋ ಹೇಳುವಂತಿಲ್ಲ. 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರೇ ಮೈಸೂರು. ಅಂಥ ದಾಖಲೆಗೆ ಆಮೇಲೆ ಯಾರೋ ಅಕ್ಷಾಂಶ-ರೇಖಾಂಶ ತುಂಬುವಾಗ ಮೈಸೂರು ನಗರದ ನಡುವಿನ ಸಂಖ್ಯೆ ಹಾಕಿಬಿಟ್ಟಿದ್ದರೆ, ಶಿವಮೊಗ್ಗದ ಮಳೆಕಾಡಿನ ಗಿಡ ಅರಮನೆ ಮುಂದೆ ಬೆಳೆದಂತೆ ಕಾಣುತ್ತದೆ. ಜಿಲ್ಲೆ ಎಂದು ಬರೆದಿದ್ದರೂ ಬಿಡುಗಡೆಯಿಲ್ಲ: ಮಂಡ್ಯ 1939ರವರೆಗೆ, ಚಾಮರಾಜನಗರ 1997ರವರೆಗೆ ಮೈಸೂರು ಜಿಲ್ಲೆಯೊಳಗೇ ಇದ್ದವು. ‘ಬಿಳಿಗಿರಿರಂಗನ ಬೆಟ್ಟ, ಮೈಸೂರು ಜಿಲ್ಲೆ’ ಎಂಬ ಚೀಟಿ ತಪ್ಪಲ್ಲ, ಹಳೆಯದು. ಸ್ಥಳದ ಹೆಸರು ಇರುವ ಚೀಟಿಗೆ ನಕ್ಷೆ ನೋಡಿ ನೀವೇ ಹೊಸದಾಗಿ ಸಂಖ್ಯೆ ಕೊಡಿ. ಬರೀ ‘ಮೈಸೂರು’ ಇದ್ದರೆ, ಎಷ್ಟೇ ಹಳೆಯ, ಎಷ್ಟೇ ಹೆಸರಾಂತ ಸಂಗ್ರಹಕಾರರದಾಗಿರಲಿ, ಪಟ್ಟಿಯಿಂದ ತೆಗೆಯಿರಿ.

ಇನ್ನು ಸಂಖ್ಯೆಗಳ ತಪ್ಪುಗಳು. 12 ಡಿಗ್ರಿ 18 ಮಿನಿಟು ಅಂದರೆ 12.30, 12.18 ಅಲ್ಲ. ಹಾಗೆ ಬರೆದರೆ ಮೈಸೂರಿನ ಪಾಯಿಂಟ್ 13 ಕಿಲೋಮೀಟರು ತೆಂಕಣಕ್ಕೆ, ನಂಜನಗೂಡಿನ ದಿಕ್ಕಿಗೆ ಜಾರುತ್ತದೆ. ದಶಮಾಂಶದ ನಂತರ ಎರಡೇ ಅಂಕಿ ಇದ್ದರೆ ಸುಮಾರು ಒಂದು ಕಿಲೋಮೀಟರು, ಮೂರಿದ್ದರೆ 110 ಮೀಟರು, ನಾಲ್ಕಿದ್ದರೆ 11 ಮೀಟರಿನ ನಿಖರತೆ. ಕನಿಷ್ಠ ಮೂರು ಅಂಕಿ ಇಲ್ಲದ್ದನ್ನು ಅನುಮಾನದಿಂದ ನೋಡಿ. ಅಕ್ಷಾಂಶ, ರೇಖಾಂಶ ಅದಲುಬದಲಾದ ಪಾಯಿಂಟ್ ಆರ್ಕ್ಟಿಕ್ ಸಾಗರಕ್ಕೆ ಬೀಳುತ್ತದೆ. ಇದೊಂದು ಮಾತ್ರ ತಾನಾಗಿ ಕಣ್ಣಿಗೆ ಬೀಳುವ ತಪ್ಪು. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಗಿಡಗಳ ಜಾಗವನ್ನು ಬೇಕೆಂದೇ ಮಸುಕುಗೊಳಿಸಿ, 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸುತ್ತಾರೆ. ಅಂದರೆ 20 ಕಿಲೋಮೀಟರಿನಷ್ಟು ಆಚೀಚೆ. ನೋಡಿದವರನ್ನೇ ಕೇಳಿ ನಿಜವಾದ ಜಾಗ ಪಡೆಯಬಹುದು, ಇಲ್ಲದಿದ್ದರೆ ಬಿಡಿ.

ನೆಟ್ಟ ಗಿಡಗಳನ್ನೂ ತೆಗೆಯಿರಿ. ಉದ್ಯಾನ, ಕಾಲೇಜು, ನರ್ಸರಿ, ಔಷಧಿವನ ಎಂದು ಇರುವುದೆಲ್ಲ ಹೊರಗೆ. ಶ್ರೀಗಂಧದಲ್ಲಿ ಈ ಕೆಲಸ ಬಹಳ ಕಷ್ಟ, ಏಕೆಂದರೆ ಈಗ ಜಮೀನುಗಳಲ್ಲಿ ನೆಟ್ಟದ್ದೇ ಬೇಕಾದಷ್ಟಿದೆ. ಕಾಡಿನೊಳಗಿನ ದಾಖಲೆ ಮಾತ್ರ ಇಟ್ಟುಕೊಳ್ಳುವುದು ಕ್ಷೇಮ.

ತೊಳೆದ ಮೇಲೆ ತೆಳುಗೊಳಿಸಬೇಕು. ಜನ ಫೋಟೋ ತೆಗೆಯುವುದು ದಾರಿ ಬದಿಯಲ್ಲಿ, ಚಾಮುಂಡಿ ಬೆಟ್ಟದ ಮೆಟ್ಟಿಲ ಬದಿಯಲ್ಲಿ, ಮೇಲುಕೋಟೆಯ ದೇವಸ್ಥಾನದ ಸುತ್ತ. ಹಾಗೇ ಬಿಟ್ಟರೆ ಮಾದರಿ (ಮ್ಯಾಕ್ಸೆಂಟ್ ಕಟ್ಟುವ ಲೆಕ್ಕ) ಕಲಿಯುವುದು ಗಿಡ ಎಲ್ಲಿ ಬೆಳೆಯುತ್ತದೆ ಎಂದಲ್ಲ, ಜನ ಎಲ್ಲಿ ಓಡಾಡುತ್ತಾರೆ ಎಂದು. ಒಂದು ಚದರ ಕಿಲೋಮೀಟರಿನ ಚೌಕಕ್ಕೆ ಒಂದೇ ಪಾಯಿಂಟ್ ಇಟ್ಟುಕೊಳ್ಳಿ. ತೀರಾ ಗುಂಪಾಗಿದ್ದರೆ ಎರಡು ಪಾಯಿಂಟ್‌ಗಳ ನಡುವೆ 3ರಿಂದ 5 ಕಿಲೋಮೀಟರು ಅಂತರ ಇಡಿ. ಮೂರನೇ ಎರಡು ಪಾಲು ಹೋದರೂ ಬೇಸರ ಪಡಬೇಡಿ. ಕೊನೆಗೆ 30ಕ್ಕಿಂತ ಹೆಚ್ಚು ಉಳಿದರೆ ನೆಮ್ಮದಿಯಾಗಿ ಮುಂದುವರಿಯಬಹುದು. 15ಕ್ಕಿಂತ ಕಡಿಮೆ ಇದ್ದರೆ ಮೊದಲು ಕಾಡಿಗೆ ಹೋಗಿ, ಆಮೇಲೆ ಕಂಪ್ಯೂಟರ್.

ಒಂದು ಮಾತು ಇಲ್ಲೇ ಹೇಳಬೇಕು. ನಿಮಗೆ ಬೇಕಾದದ್ದು ಎರಡೇ ಜಿಲ್ಲೆಯ ನಕ್ಷೆ ಇರಬಹುದು, ಪಟ್ಟಿ ಮಾತ್ರ ಗಿಡ ಬೆಳೆಯುವ ಎಲ್ಲ ಕಡೆಯದೂ ಇರಬೇಕು. ಮಾಗಳಿ ಆಂಧ್ರದ ಗುಡ್ಡಗಳಲ್ಲೂ ಇದೆ, ತಮಿಳುನಾಡಿನಲ್ಲೂ ಇದೆ. ಮೈಸೂರು–ಮಂಡ್ಯದ ಪಾಯಿಂಟ್ ಮಾತ್ರ ಕೊಟ್ಟರೆ ಇಲ್ಲಿನ 700–800 ಮಿಲಿಮೀಟರು ಮಳೆಯೇ ಗಿಡದ ಮಿತಿ ಎಂದು ಮಾದರಿ ನಂಬಿಬಿಡುತ್ತದೆ. ಇಡೀ ಹರವಿನ ಮೇಲೆ ಕಲಿಸಿ, ಕೊನೆಗೆ ಎರಡು ಜಿಲ್ಲೆಗೆ ಕತ್ತರಿಸಿಕೊಳ್ಳಿ.

ಪರಿಸರದ ಲೇಯರ್‌ಗಳು

ಲೇಯರ್ ಅಂದರೆ ಮಳೆ, ಎತ್ತರದಂಥ ಒಂದೊಂದು ವಿಷಯವನ್ನು ಚೌಕಚೌಕವಾಗಿ ತೋರಿಸುವ ನಕ್ಷೆ. ಹವೆಗೆ ವರ್ಲ್ಡ್‌ಕ್ಲಿಮ್ 2.1 ಸಾಕು: 1970ರಿಂದ 2000ದವರೆಗಿನ ಸರಾಸರಿ, 19 ಬಯೋಕ್ಲಿಮ್ (ಮಳೆ, ಉಷ್ಣಾಂಶದಿಂದ ತೆಗೆದ) ಲೇಯರ್‌ಗಳು, 30 ಸೆಕೆಂಡಿನ (ಒಂದು ಡಿಗ್ರಿಯ 120ರಲ್ಲಿ ಒಂದು ಪಾಲು) ಚೌಕ. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕ ಅಂದರೆ ಸುಮಾರು 200 ಎಕರೆ. ಎತ್ತರಕ್ಕೆ ಎಸ್‌ಆರ್‌ಟಿಎಂ 30 ಮೀಟರಿನದು, ಮಣ್ಣಿಗೆ ಸಾಯಿಲ್‌ಗ್ರಿಡ್ಸ್ 250 ಮೀಟರಿನದು. ಗ್ರಾಮ, ತಾಲೂಕು ಗಡಿಗಳು ಕರ್ನಾಟಕ ಸರ್ಕಾರದ ಕೆ-ಜಿಐಎಸ್‌ನಲ್ಲಿ ಸಿಗುತ್ತವೆ.

ಹತ್ತೊಂಬತ್ತನ್ನೂ ಸುರಿಯಬೇಡಿ. ಹತ್ತು ಪಾಯಿಂಟಿಗೆ ಒಂದು ಲೇಯರ್ ಎಂಬ ಅಂದಾಜು ಇಟ್ಟುಕೊಂಡರೆ 40 ಪಾಯಿಂಟಿಗೆ ನಾಲ್ಕೈದು. ಯಾವ ಎರಡರ ನಡುವಿನ ಸಹಸಂಬಂಧ 0.7 ದಾಟುತ್ತದೋ ಅವುಗಳಲ್ಲಿ ಒಂದನ್ನು ಬಿಡಿ. ಯಾವುದನ್ನು ಬಿಡಬೇಕು ಎಂಬುದನ್ನು ಗಿಡದ ಸ್ವಭಾವ ನೋಡಿ ಹೇಳಬೇಕೇ ಹೊರತು ಕಂಪ್ಯೂಟರಿಗೆ ಬಿಡಬಾರದು. ಮಾಗಳಿಗೆ ವಾರ್ಷಿಕ ಮಳೆ (ಬಯೋ 12), ಮಳೆಯ ಏರಿಳಿತ (ಬಯೋ 15), ಅತಿ ಬಿಸಿ ತಿಂಗಳ ಗರಿಷ್ಠ ಉಷ್ಣಾಂಶ (ಬಯೋ 5), ಇಳಿಜಾರು, ಮಣ್ಣಿನಲ್ಲಿ ಕಲ್ಲುಚೂರಿನ ಪ್ರಮಾಣ ಇವುಗಳಿಂದ ಶುರುಮಾಡಬಹುದು.

ಬಯೋ 8, 9, 18, 19 ಈ ನಾಲ್ಕನ್ನು ಮುಟ್ಟದಿರುವುದೇ ಒಳ್ಳೆಯದು. ಕಾರಣ ನಮ್ಮ ಸೀಮೆಯಲ್ಲಿ ಚೆನ್ನಾಗಿ ಕಾಣುತ್ತದೆ. ಬಯೋ 8 ಅಂದರೆ ಅತಿ ಹೆಚ್ಚು ಮಳೆಯ ಮೂರು ತಿಂಗಳ ಸರಾಸರಿ ಉಷ್ಣಾಂಶ. ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಪಡುವಣ ಭಾಗಕ್ಕೆ ಆ ಮೂರು ತಿಂಗಳು ಜುಲೈ ಸುತ್ತ. ಮಂಡ್ಯ, ಮದ್ದೂರಿನ ಕಡೆ ಸೆಪ್ಟೆಂಬರ್–ಅಕ್ಟೋಬರ್ ಸುತ್ತ. ಎರಡರ ನಡುವೆ ಎಲ್ಲೋ ಒಂದು ಕಡೆ ಲೆಕ್ಕ ಥಟ್ಟನೆ ಬದಲಾಗಿ, ನೆಲದ ಮೇಲೆ ಇಲ್ಲದ ಗೆರೆಯೊಂದು ನಕ್ಷೆಯಲ್ಲಿ ಕತ್ತರಿಸಿದಂತೆ ಮೂಡುತ್ತದೆ.

ಇಳಿಜಾರಿನ ಲೇಯರ್ ಮಾಡುವಾಗ ಎಸ್‌ಆರ್‌ಟಿಎಂ ಅನ್ನು ಮೊದಲು ದೂರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ಪದ್ಧತಿಗೆ (ಅದರ ಸಂಕೇತ ಇಪಿಎಸ್‌ಜಿ 32643) ಬದಲಿಸಿಕೊಳ್ಳಿ. ಡಿಗ್ರಿಯಲ್ಲಿರುವ ಫೈಲಿನ ಮೇಲೇ ಲೆಕ್ಕ ಹಾಕಿದರೆ ಎತ್ತರ ಮೀಟರಿನಲ್ಲಿ, ದೂರ ಡಿಗ್ರಿಯಲ್ಲಿ ಆಗಿ, ಮಂಡ್ಯದ ಗದ್ದೆ ಬಯಲೂ 89 ಡಿಗ್ರಿ ಕಡಿದಾಗಿ ಬರುತ್ತದೆ. ಹರವಿನ ಉಳಿದ ಭಾಗ 78 ಡಿಗ್ರಿ ರೇಖಾಂಶದ ಆಚೆಗಿದ್ದರೆ ಅದು 44ನೇ ವಲಯ. ಅದನ್ನು ಬೇರೆ ಮಾಡಿ ಆಮೇಲೆ ಜೋಡಿಸಿ. ಗುಡ್ಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಲೇಯರನ್ನು ನೇರವಾಗಿ ಕೊಡಬೇಡಿ: 1 ಡಿಗ್ರಿಯೂ 359 ಡಿಗ್ರಿಯೂ ಬಡಗಣವೇ, ಮಾದರಿಗೆ ಮಾತ್ರ ಅವು ಎರಡು ತುದಿ. ಅದರ ಕೊಸೈನ್ ತೆಗೆದು ಕೊಟ್ಟರೆ ಸರಿಯಾಗುತ್ತದೆ.

ಎಲ್ಲ ಲೇಯರ್‌ಗಳೂ ಒಂದೇ ಹರವು, ಒಂದೇ ಚೌಕದ ಅಳತೆ, ಒಂದೇ ಇಪಿಎಸ್‌ಜಿ 4326ಕ್ಕೆ (ಡಿಗ್ರಿಯ ಪದ್ಧತಿಗೆ) ಬರಬೇಕು. 74ರಿಂದ 81 ಡಿಗ್ರಿ ರೇಖಾಂಶ, 8ರಿಂದ 17 ಡಿಗ್ರಿ ಅಕ್ಷಾಂಶ ತೆಗೆದುಕೊಂಡರೆ 30 ಸೆಕೆಂಡಿಗೆ 840 ಕಂಬಸಾಲು, 1,080 ಅಡ್ಡಸಾಲು ಆಗಬೇಕು. ಯಾವುದಾದರೂ ಫೈಲಿನಲ್ಲಿ 841 ಬಂದರೆ ಮ್ಯಾಕ್ಸೆಂಟ್ ಲೇಯರ್‌ಗಳ ಅಳತೆ ಬೇರೆಬೇರೆ ಎಂದು ನಿಂತುಬಿಡುತ್ತದೆ. ಹೊಸಬರು ಹೆಚ್ಚು ಹೊತ್ತು ಒದ್ದಾಡುವುದು ಇಲ್ಲೇ. ಕ್ಯೂಜಿಐಎಸ್‌ನ ಅಲೈನ್ ರಾಸ್ಟರ್ಸ್ ಉಪಕರಣದಲ್ಲಿ ವರ್ಲ್ಡ್‌ಕ್ಲಿಮ್‌ನ ಒಂದು ಫೈಲನ್ನು ಮಾದರಿಯಾಗಿಟ್ಟು ಉಳಿದವನ್ನೆಲ್ಲ ಅದಕ್ಕೆ ಹೊಂದಿಸಿ, ಎಎಸ್‌ಸಿ ರೂಪಕ್ಕೆ ಇಳಿಸಿಕೊಳ್ಳಿ. ಮಳೆ, ಉಷ್ಣಾಂಶದಂಥ ನಿರಂತರ ಸಂಖ್ಯೆಗೆ ಬೈಲೀನಿಯರ್, ಮಣ್ಣಿನ ವರ್ಗದಂಥದಕ್ಕೆ ನಿಯರೆಸ್ಟ್ ನೇಬರ್. ಮಣ್ಣಿನ ವರ್ಗ 3 ಮತ್ತು 4ರ ನಡುವೆ 3.5 ಎಂಬ ಮಣ್ಣು ಇರುವುದಿಲ್ಲ. ಖಾಲಿ ಜಾಗಕ್ಕೆ ಎಲ್ಲ ಕಡೆ −9999 ಇರಲಿ. ಫೈಲು, ಫೋಲ್ಡರಿನ ಹೆಸರಿನಲ್ಲಿ ಕನ್ನಡ ಅಕ್ಷರವೂ ಖಾಲಿ ಜಾಗವೂ ಬೇಡ.

ಮಾದರಿ ಓಡಿಸುವುದು

ಪಟ್ಟಿ ಸಿಎಸ್‌ವಿ ಫೈಲಿನಲ್ಲಿ ಮೂರು ಕಂಬಸಾಲು: ಗಿಡದ ಹೆಸರು, ರೇಖಾಂಶ, ಅಕ್ಷಾಂಶ. ಇದೇ ಕ್ರಮ, ನಾವು ಬಾಯಲ್ಲಿ ಹೇಳುವ ಕ್ರಮಕ್ಕೆ ಉಲ್ಟಾ. ಎಡಗಡೆ ಸಿಎಸ್‌ವಿ, ಬಲಗಡೆ ಲೇಯರ್‌ಗಳ ಫೋಲ್ಡರ್ ತೋರಿಸಿ. ಕ್ಲಾಗ್‌ಲಾಗ್ (0ಯಿಂದ 1ರವರೆಗೆ ಅಂಕ ಕೊಡುವ) ಔಟ್‌ಪುಟ್ ಇರಲಿ, ಜ್ಯಾಕ್‌ನೈಫ್ (ಯಾವ ಲೇಯರಿನ ತೂಕ ಎಷ್ಟು ಎಂದು ತೋರಿಸುವುದು), ರೆಸ್ಪಾನ್ಸ್ ಕರ್ವ್ (ಮಳೆಯಂಥದ್ದು ಏರಿದಂತೆ ಅಂಕ ಹೇಗೆ ಬದಲಾಗುತ್ತದೆ ಎಂಬ ಗೆರೆ) ಎರಡಕ್ಕೂ ಟಿಕ್ ಹಾಕಿ. ಗರಿಷ್ಠ ಸುತ್ತು 500 ಎಂದು ಇರುತ್ತದೆ, ಅದನ್ನು 5,000 ಮಾಡಿ. ಇಲ್ಲದಿದ್ದರೆ ಲೆಕ್ಕ ನೆಲೆಗೊಳ್ಳುವ ಮುಂಚೆಯೇ ನಿಲ್ಲಬಹುದು.

ಹಿನ್ನೆಲೆ ಪಾಯಿಂಟ್‌ಗಳು (ಗಿಡ ಸಿಕ್ಕ ಜಾಗದೊಂದಿಗೆ ಹೋಲಿಸಲು ಹರವಿನಿಂದ ಎತ್ತುವ ಜಾಗಗಳು) 10,000 ಎಂದು ತಾನೇ ತೆಗೆದುಕೊಳ್ಳುತ್ತದೆ. ಇಡೀ ಹರವಿನಲ್ಲಿ ಓಡಿಸುವಾಗ ಅದು ಸರಿ. ಆದರೆ ಕಡಲ ತೀರ, ಸಹ್ಯಾದ್ರಿಯ ಮಳೆಕಾಡು ಎಲ್ಲ ಸೇರಿದ್ದರೆ, ಒಣ ಗುಡ್ಡದ ಗಿಡವನ್ನು ಅವುಗಳಿಂದ ಬೇರ್ಪಡಿಸುವುದು ಮಾದರಿಗೆ ತೀರಾ ಸುಲಭ. ಎಯುಸಿ ಅಂಕ (ಗಿಡದ ಜಾಗವನ್ನು ಹಿನ್ನೆಲೆಯಿಂದ ಎಷ್ಟು ಚೆನ್ನಾಗಿ ಬೇರ್ಪಡಿಸಿತು ಎಂಬುದರ ಅಳತೆ, 1 ಅಂದರೆ ಪೂರ್ತಿ) 0.95 ಬರುತ್ತದೆ, ನಾವು ಹಿಗ್ಗುತ್ತೇವೆ. ಮೇಲುಕೋಟೆಯ ಗುಡ್ಡಕ್ಕೂ ಪಕ್ಕದ ಹೊಲಕ್ಕೂ ವ್ಯತ್ಯಾಸ ತಿಳಿಯಿತೇ ಎಂಬುದಕ್ಕೆ ಆ ಅಂಕ ಉತ್ತರವಲ್ಲ. ಪಾಯಿಂಟ್‌ಗಳ ಸುತ್ತ 100–150 ಕಿಲೋಮೀಟರು ಬಳಸಿ ಗೆರೆ ಎಳೆದು, ಹಿನ್ನೆಲೆಯನ್ನು ಅದರೊಳಗೇ ಇಡಿ. ಇನ್ನೂ ಚೆನ್ನಾದ ದಾರಿ, ಅದೇ ಮೂಲಗಳಲ್ಲಿ ದಾಖಲಾದ ಬೇರೆ ಗಿಡಗಳ ಜಾಗಗಳನ್ನೇ ಹಿನ್ನೆಲೆಯಾಗಿ ಕೊಡುವುದು. ಜನ ಓಡಾಡುವ ಕಡೆ ಹೆಚ್ಚು ದಾಖಲೆ ಇರುವ ದೋಷ ಆಗ ಎರಡೂ ಕಡೆ ಸಮನಾಗುತ್ತದೆ.

ರೆಗ್ಯುಲರೈಸೇಶನ್ ಸಂಖ್ಯೆ (ಹೆಚ್ಚಿದಷ್ಟೂ ಮಾದರಿ ಸರಳವಾಗುತ್ತದೆ) 1 ಎಂದು ಇರುತ್ತದೆ. 1, 2, 3, 4 ನಾಲ್ಕರಲ್ಲೂ ಓಡಿಸಿ ನೋಡಿ. ರೆಸ್ಪಾನ್ಸ್ ಕರ್ವಿನ ಆಕಾರಗಳಲ್ಲಿ 40 ಪಾಯಿಂಟಿನ ಪಟ್ಟಿಗೆ ಲೀನಿಯರ್ (ನೇರ ಗೆರೆ), ಕ್ವಾಡ್ರಾಟಿಕ್ (ಒಂದೇ ಬಾಗು) ಸಾಕು. ಹಿಂಜ್ (ಹಲವು ಕಡೆ ಮುರಿಯುವ ಗೆರೆ) ಹಾಕಿದರೆ ರೆಸ್ಪಾನ್ಸ್ ಕರ್ವ್ ಗರಗಸದ ಹಲ್ಲಾಗಿ, 760 ಮಿಲಿಮೀಟರಿಗೆ ಒಪ್ಪುವ ಗಿಡ 780ಕ್ಕೆ ಒಪ್ಪದೆ 800ಕ್ಕೆ ಮತ್ತೆ ಒಪ್ಪಿದಂತೆ ಕಾಣಬಹುದು. ಯಾವ ಗಿಡವೂ ಹಾಗೆ ಇರುವುದಿಲ್ಲ. ಕರ್ವ್ ನೋಡಿ ನಾಟಿ ವೈದ್ಯರಿಗೋ ವಾಚರ್‌ಗೋ ಅರ್ಥವಾಗುವಂತೆ ಒಂದು ವಾಕ್ಯದಲ್ಲಿ ಹೇಳಲು ಬಾರದಿದ್ದರೆ ಆ ಮಾದರಿ ಬೇಡ.

ಪರೀಕ್ಷೆಗೆಂದು ಪಾಯಿಂಟ್‌ಗಳನ್ನು ಲಾಟರಿಯಂತೆ ಎತ್ತಿಡಬೇಡಿ. ಪಕ್ಕದ ಪಾಯಿಂಟ್ ತರಬೇತಿಯಲ್ಲೇ ಇರುವುದರಿಂದ ಅದು ಉತ್ತರಪತ್ರಿಕೆ ತೋರಿಸಿದಂತೆ. ಹರವನ್ನು ನಾಲ್ಕು ಭಾಗ ಮಾಡಿ, ಮೂರರಲ್ಲಿ ಕಲಿಸಿ, ನಾಲ್ಕನೆಯದರಲ್ಲಿ ಪರೀಕ್ಷಿಸಿ, ಸರದಿಯಂತೆ ಬದಲಿಸಿ. ಆರ್ ಭಾಷೆಯ ಇಎನ್‌ಎಂಇವ್ಯಾಲ್ ಪ್ಯಾಕೇಜಿನಲ್ಲಿ ಇದು ಸಿದ್ಧವಾಗಿಯೇ ಇದೆ. ಇಪ್ಪತ್ತಕ್ಕಿಂತ ಕಡಿಮೆ ಪಾಯಿಂಟ್ ಇದ್ದರೆ ಪ್ರತಿ ಸಲ ಒಂದನ್ನು ಹೊರಗಿಟ್ಟು ಓಡಿಸಿ.

ಬರುವ ನಕ್ಷೆಯಲ್ಲಿ ಪ್ರತಿ ಚೌಕಕ್ಕೂ 0ಯಿಂದ 1ರವರೆಗೆ ಒಂದು ಅಂಕ. ಎಲ್ಲಿಂದ ಮೇಲೆ ಸೂಕ್ತ ಎನ್ನುವುದು? 0.5 ಎಂದು ಕಣ್ಣಂದಾಜಿಗೆ ಕತ್ತರಿಸಬೇಡಿ. ನಿಮ್ಮ ಪಾಯಿಂಟ್‌ಗಳಲ್ಲಿ ಅತಿ ಕಡಿಮೆ ಅಂಕದ ಶೇ. 10ರಷ್ಟನ್ನು ಬಿಟ್ಟು ಉಳಿದದ್ದರ ಕನಿಷ್ಠ ಅಂಕವನ್ನು ಗಡಿಯಾಗಿಡಿ. ಪಟ್ಟಿಯಲ್ಲಿ ಜಾಗ ತಪ್ಪಿದ ಒಂದೆರಡು ದಾಖಲೆ ಇದ್ದೇ ಇರುತ್ತವೆ, ಅವು ಗಡಿಯನ್ನು ಕೆಳಕ್ಕೆ ಎಳೆಯದಂತೆ ಇದು ತಡೆಯುತ್ತದೆ.

ಹವೆಯ ನಕ್ಷೆಗೆ ನಾಲೆ ಕಾಣುವುದಿಲ್ಲ

ವರ್ಲ್ಡ್‌ಕ್ಲಿಮ್‌ಗೆ ಕನ್ನಂಬಾಡಿ ಕಟ್ಟೆ ಗೊತ್ತಿಲ್ಲ, ವಿಶ್ವೇಶ್ವರಯ್ಯ ನಾಲೆಯೂ ಗೊತ್ತಿಲ್ಲ. ಅದರ ಪ್ರಕಾರ ಮಂಡ್ಯ ಒಂದು ಒಣ ಬಯಲು. ಪಾಂಡವಪುರದಿಂದ ಮಳವಳ್ಳಿಯವರೆಗಿನ ಭತ್ತ, ಕಬ್ಬಿನ ಗದ್ದೆಗಳೆಲ್ಲ ಮಾಗಳಿ ಬಳ್ಳಿಗೆ ಸೊಗಸಾದ ಜಾಗ ಎಂದು ಕೆಂಪಾಗಿ ಬರುತ್ತವೆ. ಭೂಬಳಕೆಯ ಲೇಯರ್ (ಭುವನ್‌ನದು ಅಥವಾ 10 ಮೀಟರಿನ ವರ್ಲ್ಡ್‌ಕವರ್) ತಂದು ಗದ್ದೆ, ಊರು, ಕೆರೆಗಳನ್ನು ನಕ್ಷೆಯಿಂದ ಕಳೆಯಿರಿ. ಭೂಬಳಕೆಯನ್ನು ಮಾದರಿಯೊಳಗೇ ಹಾಕದೆ ಕೊನೆಗೆ ಕಳೆಯುವುದೇ ಮೇಲು. ಆಗ ‘ಹಿಂದೆ ಬೆಳೆಯುತ್ತಿದ್ದಿರಬಹುದಾದ ಜಾಗ’, ‘ಈಗ ಉಳಿದಿರುವ ಜಾಗ’ ಎರಡೂ ಪ್ರತ್ಯೇಕವಾಗಿ ಕಾಣುತ್ತವೆ. ತೊರೆಮತ್ತಿಯಂಥ ಹೊಳೆಬದಿಯ ಮರಕ್ಕೆ ಇದೇ ದೋಷ ತಿರುಗುಮುರುಗಾಗುತ್ತದೆ. ಮಳೆಯ ಲೆಕ್ಕದಲ್ಲಿ ಒಲ್ಲದ ಜಾಗದಲ್ಲೂ ಕಾವೇರಿ, ಶಿಂಷಾ, ಲೋಕಪಾವನಿಯ ದಡದಲ್ಲಿ ಅದು ಹಾಯಾಗಿರುತ್ತದೆ. ಅಂಥದಕ್ಕೆ ಹೊಳೆಯಿಂದ ಇರುವ ದೂರವನ್ನೂ ಒಂದು ಲೇಯರ್ ಮಾಡಿ.

ಎರಡನೆಯ ಕೊರತೆ ಚೌಕದ ಗಾತ್ರದ್ದು. ಇನ್ನೂರು ಎಕರೆಯ ಚೌಕದಲ್ಲಿ ಚಾಮುಂಡಿ ಬೆಟ್ಟವೇ ಕೆಲವು ಚೌಕಗಳಲ್ಲಿ ಮುಗಿದುಹೋಗುತ್ತದೆ. ಕರಿಘಟ್ಟ, ಕುಂತಿಬೆಟ್ಟದ ಬಂಡೆಯೂ ತಪ್ಪಲಿನ ರಾಗಿ ಹೊಲವೂ ಒಂದೇ ಅಂಕ ಪಡೆಯುತ್ತವೆ. ಆದ್ದರಿಂದ ಎರಡು ಸಲ ಸೋಸಬೇಕು. ಮೊದಲು ಹವೆಯ ನಕ್ಷೆಯಿಂದ ಒಳ್ಳೆಯ ಚೌಕಗಳು. ಆಮೇಲೆ ಆ ಚೌಕಗಳೊಳಗೆ ಮಾತ್ರ 30 ಮೀಟರಿನ ಇಳಿಜಾರು, ಏರುತಗ್ಗಿನ ಲೇಯರ್. ಇಳಿಜಾರಿನ ಮಿತಿಯನ್ನು ಊಹಿಸಬೇಡಿ. ನೀವೇ ಜಿಪಿಎಸ್‌ನಲ್ಲಿ ಹಿಡಿದ, ನಿಖರತೆ 10 ಮೀಟರಿನೊಳಗಿರುವ ಪಾಯಿಂಟ್‌ಗಳಲ್ಲಿ ಇಳಿಜಾರು ಎಷ್ಟಿದೆ ಎಂದು ಓದಿಕೊಂಡು ಅದರಿಂದಲೇ ಮಿತಿ ತೆಗೆಯಿರಿ. ಹಳೆಯ ಹರ್ಬೇರಿಯಂ ಪಾಯಿಂಟ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಇಷ್ಟಾದರೂ ನಕ್ಷೆಗೆ ತಿಳಿಯದ ವಿಷಯಗಳು ಉಳಿಯುತ್ತವೆ. ಲಂಟಾನ ಕವಿದು ಕೆಳಗಿನ ಸಸಿಗಳಿಗೆ ಬಿಸಿಲೇ ಇಲ್ಲದಿರುವುದು, ಜನವರಿಯಿಂದ ಏಪ್ರಿಲ್‌ವರೆಗಿನ ಕಾಡ್ಗಿಚ್ಚು, ಆಡು ಕುರಿ ಮೇಯುವುದು, ಕಲ್ಲುಗಣಿ. ಶ್ರೀಗಂಧ ಪಕ್ಕದ ಗಿಡದ ಬೇರಿನಿಂದ ಪಾಲು ಪಡೆದು ಬದುಕುವ ಮರ. ಹವೆ ಒಪ್ಪಿದರೂ ಆಶ್ರಯದ ಗಿಡ ಇಲ್ಲದ ಬೋಳು ಗುಡ್ಡದಲ್ಲಿ ಅದು ಏಳುವುದಿಲ್ಲ.

ಮುಂದಿನ ಹವಾಮಾನದ ನಕ್ಷೆ ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ವರ್ಲ್ಡ್‌ಕ್ಲಿಮ್‌ನಲ್ಲಿ ಲೇಯರ್‌ಗಳೂ ಸಿಗುತ್ತವೆ. ಮಾಡುವುದಾದರೆ ಕನಿಷ್ಠ ಮೂರು ಬೇರೆಬೇರೆ ಹವಾಮಾನ ಮಾದರಿ ಬಳಸಿ, ಮೂರೂ ಒಪ್ಪಿದ ಜಾಗವನ್ನು ಮಾತ್ರ ತೋರಿಸಿ. ಈಗ ಎಲ್ಲೂ ಇಲ್ಲದಷ್ಟು ಬಿಸಿಯಾಗುವ ಚೌಕಗಳನ್ನು ಮೆಸ್ ನಕ್ಷೆಯಲ್ಲಿ (ಮಾದರಿ ಕಲಿತ ಹವೆಯ ಮಿತಿ ಮೀರಿದ ಜಾಗ ತೋರಿಸುವ ನಕ್ಷೆ) ಗುರುತಿಸಿ ಪಕ್ಕಕ್ಕಿಡಿ. ಹೋಬಳಿ ಮಟ್ಟದಲ್ಲಿ ನೆಡುವ ತೀರ್ಮಾನವನ್ನು ಅದರ ಮೇಲೆ ನಿಲ್ಲಿಸಬೇಡಿ.

ನಡೆದು ನೋಡುವುದು

ನಕ್ಷೆಯಿಂದ 30 ಜಾಗ ಎತ್ತಿಕೊಳ್ಳಿ: ಹೆಚ್ಚು ಅಂಕದ ಹತ್ತು, ನಡುವಿನ ಹತ್ತು, ಕಡಿಮೆಯ ಹತ್ತು. ಆಯ್ಕೆ ಕ್ಯೂಜಿಐಎಸ್‌ನ ರ‍್ಯಾಂಡಮ್ ಪಾಯಿಂಟ್ ಉಪಕರಣದಿಂದಲೇ ಆಗಲಿ. ಹುಡುಕುವವರಿಗೆ ಯಾವ ಜಾಗಕ್ಕೆ ಎಷ್ಟು ಅಂಕ ಎಂದು ಹೇಳಬೇಡಿ. ಹೆಚ್ಚು ಅಂಕದ ಕಡೆ ಹುರುಪಿನಿಂದ ಒಂದು ಗಂಟೆ, ಕಡಿಮೆ ಅಂಕದ ಕಡೆ ಹತ್ತು ನಿಮಿಷ ಹುಡುಕಿದರೆ ಮಾದರಿ ಗೆದ್ದೇ ಗೆಲ್ಲುತ್ತದೆ. ಪ್ರತಿ ಜಾಗದಲ್ಲೂ ಪಾಯಿಂಟಿನ ಸುತ್ತ 25 ಮೀಟರಿನೊಳಗೆ ಇಬ್ಬರು, 20 ನಿಮಿಷ, ಗಡಿಯಾರ ನೋಡಿಕೊಂಡು.

ಕಾಲ ಮುಖ್ಯ. ಬೇಸಗೆಯಲ್ಲಿ ಎಲೆ ಉದುರಿದ ಬಳ್ಳಿ ಬಂಡೆಯ ಮೇಲೆ ಒಣ ಹಗ್ಗದಂತೆ ಬಿದ್ದಿರುತ್ತದೆ. ಇಲ್ಲ ಎಂದು ಬರೆದುಕೊಂಡು ಬರುವ ಸಾಧ್ಯತೆ ಹೆಚ್ಚು. ಭರಣಿ, ಕೃತ್ತಿಕೆ ಮಳೆ ಬಿದ್ದು ಚಿಗುರಿದ ಮೇಲೆ ಹೊರಡಿ. ಫೋನಿನ ಜಿಪಿಎಸ್ ನಿಖರತೆ 10 ಮೀಟರಿನೊಳಗೆ ಬರುವವರೆಗೆ ನಿಂತಲ್ಲೇ ಕಾಯಿರಿ. ಕ್ಯೂಫೀಲ್ಡ್ ಆಪ್ ಇದಕ್ಕೆ ಸಾಕು, ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಬರೆದುಕೊಳ್ಳಬೇಕಾದದ್ದು: ದಿನಾಂಕ, ಅಕ್ಷಾಂಶ-ರೇಖಾಂಶ, ನಿಖರತೆ, ಗಿಡಗಳ ಸಂಖ್ಯೆ, ಅವುಗಳಲ್ಲಿ ಕಾಯಿ ಬಿಟ್ಟವೆಷ್ಟು, ಎಳೆ ಸಸಿ ಇವೆಯೇ, ಬೇರು ಅಗೆದ ಗುಂಡಿ ಇವೆಯೇ, ಲಂಟಾನ ಎಷ್ಟು. ಗಿಡ ಸಿಗದಿದ್ದರೆ ‘ಇಲ್ಲ’ ಎಂದು ಅಷ್ಟೇ ಶ್ರದ್ಧೆಯಿಂದ ಬರೆಯಿರಿ. ಮುದಿ ಬಳ್ಳಿಗಳಿದ್ದು ಎಳೆಯದೊಂದೂ ಇಲ್ಲದ ಗುಡ್ಡ, ನಕ್ಷೆಯಲ್ಲಿ ಎಷ್ಟೇ ಕೆಂಪಿರಲಿ, ಅಪಾಯದಲ್ಲಿದೆ.

ಮೀಸಲು ಅರಣ್ಯಕ್ಕೆ ಹೋಗಲು ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಲಿಖಿತ ಅನುಮತಿ ಪಡೆಯಿರಿ. ನಾಗರಹೊಳೆ, ಮೇಲುಕೋಟೆ ಅಭಯಾರಣ್ಯದಂಥ ಕಡೆ ಅನುಮತಿಯಿಲ್ಲದೆ ಎಲೆಯನ್ನೂ ಕೀಳುವಂತಿಲ್ಲ, ಫೋಟೋ ಸಾಕು. ಹೆಗ್ಗಡದೇವನಕೋಟೆ, ಹುಣಸೂರು, ಮಳವಳ್ಳಿಯ ಮುತ್ತತ್ತಿ ಕಡೆ ಆನೆ. ವಾಚರ್ ಇಲ್ಲದೆ ಕಾಲಿಡಬೇಡಿ.

ಹೆಚ್ಚು ಅಂಕದ ಹತ್ತರಲ್ಲಿ ಐದಾರು ಕಡೆ ಸಿಕ್ಕು, ಕಡಿಮೆಯ ಹತ್ತರಲ್ಲಿ ಒಂದೆರಡು ಕಡೆ ಮಾತ್ರ ಸಿಕ್ಕರೆ ನಕ್ಷೆ ಕೆಲಸಕ್ಕೆ ಬರುತ್ತದೆ. ಮೂರೂ ಗುಂಪಿನಲ್ಲಿ ಸರಿಸುಮಾರು ಒಂದೇ ಇದ್ದರೆ ಪಟ್ಟಿಗೆ ವಾಪಸ್ ಹೋಗಿ. ಲೇಯರ್ ಬದಲಿಸುತ್ತಾ ಕೂರುವುದರಿಂದ ಅದು ಸರಿಹೋಗುವುದು ಅಪರೂಪ.

ಯಾರ ಕೈಗೆ ಕೊಡುವುದು

ಸೂಕ್ತ ಎಂದು ಬಂದ ಜಾಗಗಳನ್ನು ಗ್ರಾಮದ ಗಡಿಯ ಮೇಲೆ ಇಟ್ಟು, ಪ್ರತಿಯೊಂದೂ ಯಾರ ನೆಲ ಎಂದು ಬರೆಯಿರಿ: ಮೀಸಲು ಅರಣ್ಯ, ಗೋಮಾಳ, ಗುಂಡುತೋಪು, ದೇವರಕಾಡು, ಹಿಡುವಳಿ. ಅಭಯಾರಣ್ಯದೊಳಗಿನದಕ್ಕೆ ಕಾವಲು ಹೇಗೂ ಇದೆ. ಮೊದಲ ಆದ್ಯತೆ ಗೋಮಾಳ, ಗುಂಡುತೋಪುಗಳಲ್ಲಿ ಉಳಿದಿರುವ ಗುಡ್ಡಗಳಿಗೆ, ಏಕೆಂದರೆ ಮಂಜೂರಾತಿಗೋ ಗಣಿಗೋ ಮೊದಲು ಹೋಗುವುದು ಅವೇ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ನಕ್ಷೆ, ಸರ್ವೆ ನಂಬರಿನೊಂದಿಗೆ, ಆ ದಾಖಲಾತಿಗೆ ಸೇರಿದರೆ ಮುಂದೆ ಯಾರಾದರೂ ಅರ್ಜಿ ಹಾಕಿದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಸಾರ್ವಜನಿಕವಾಗಿ ಹಂಚುವ ನಕ್ಷೆಯಲ್ಲಿ ಪಾಯಿಂಟ್ ಹಾಕಲೇಬೇಡಿ. ಮಾಗಳಿ, ಶ್ರೀಗಂಧದ ನಿಖರ ಜಾಗ ವಾಟ್ಸಾಪಿಗೆ ಬಂದರೆ ಕೀಳುವವರಿಗೆ ದಾರಿ ತೋರಿಸಿದಂತಾಗುತ್ತದೆ. ಅರಣ್ಯ ಇಲಾಖೆಗೆ, ಸಮಿತಿಗೆ ಪೂರ್ತಿ ಮಾಹಿತಿ. ಉಳಿದವರಿಗೆ 5 ಕಿಲೋಮೀಟರಿನ ಚೌಕದ ನಕ್ಷೆ. ಫೋಟೋ ಹಂಚುವಾಗ ಅದರೊಳಗಿನ ಜಿಪಿಎಸ್ ಮಾಹಿತಿ ಅಳಿಸುವುದನ್ನೂ ಮರೆಯಬೇಡಿ.

ನಕ್ಷೆಯ ಮೂಲೆಯಲ್ಲಿ ಎಷ್ಟು ಪಾಯಿಂಟ್, ಯಾವ ಲೇಯರ್‌ಗಳು, ರೆಗ್ಯುಲರೈಸೇಶನ್ ಸಂಖ್ಯೆ, ಕತ್ತರಿಸಿದ ಗಡಿ, ಓಡಿಸಿದ ತಿಂಗಳು ಇಷ್ಟನ್ನೂ ಬರೆದಿಡಿ. ಹೊಸ ಪಾಯಿಂಟ್‌ಗಳು ಹಳೆಯ ಚೌಕಗಳಲ್ಲೇ ಬೀಳುತ್ತಿದ್ದರೆ ಮತ್ತೆ ಓಡಿಸುವ ತೊಂದರೆ ಬೇಡ. ಹೊಸ ಗುಡ್ಡಗಳಲ್ಲಿ ಐದಾರು ಸಿಕ್ಕಾಗ, ಇಲ್ಲವೇ ಕಡಿಮೆ ಅಂಕದ ಚೌಕದಲ್ಲಿ ಒಂದೇ ಒಂದು ಸಿಕ್ಕರೂ, ಪಟ್ಟಿಗೆ ಸೇರಿಸಿ ಮತ್ತೆ ಓಡಿಸಿ.